ಬೆನ್ನಿಗೆ ಹತ್ತಿದ ಮಣ್ಣು

ನಮ್ಮ ಕಾಕಾ ಗರಡಿಮನೆಯ ಆಸಾಮಿ. ತುಳಸಿಗೇರಿ ಹಣಮಪ್ಪನಿಗೆ ಕೈಮುಗಿಯದೆ ಚಹಾ ಕುಡಿದವರಲ್ಲ. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂದಾಗ ಪುಸ್ತಕ ಓದಿ ಹೇಳುವ ಪಾಳಿ ನನಗೆ ಬಂತು. ಪುರಾಣ ತೆಗೆದರೆ ಕಾಕಾ ಕೈ ಅಡ್ಡ ಹಿಡಿಯುತ್ತಿದ್ದರು. ಅವರಿಗೆ ಬೇಕಾದದ್ದು ಅರಸರ ಕಾಳಗ. ಹೀಗಾಗಿ ಎರಡು ಮಳೆಗಾಲ ನಮ್ಮ ಪಡಸಾಲೆಯಲ್ಲಿ ಆನೆ, ಕುದುರೆ, ಕಾಲಾಳುಗಳದೇ ಓಡಾಟ. ಒಳಗೆ ಕಾಕಿಯ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ನಾನು ಹೂಡಿದ ಯುದ್ಧ.

ಮೊದಲು ತೆಗೆದದ್ದು ಇಮ್ಮಡಿ ಪುಲಕೇಶಿಯ ಕಥೆ. ಬಾದಾಮಿ ನಮ್ಮೂರಿಂದ ದೂರದ ಊರಲ್ಲ. ಬಾಗಲಕೋಟೆಗೆ ಹೋಗಿ ಬಸ್ಸು ಬದಲಿಸಿದರೆ ಊಟದ ಹೊತ್ತಿಗೆ ಚಾಲುಕ್ಯರ ರಾಜಧಾನಿಯಲ್ಲಿರುತ್ತೇವೆ. ಅದಕ್ಕೇ ಏನೋ, ಪುಲಕೇಶಿಯೆಂದರೆ ನಮಗೆ ಪಕ್ಕದ ಊರಿನ ಪೈಲ್ವಾನನಿದ್ದಂತೆ. ಅವನು ನರ್ಮದೆಯ ದಂಡೆಯಲ್ಲಿ ಹರ್ಷವರ್ಧನನನ್ನು ತಡೆದ ಭಾಗ ಓದುವಾಗ ಕಾಕಾ ತೊಡೆ ತಟ್ಟಿದರು. ಪುಸ್ತಕದಲ್ಲಿ ಆ ಒಂದು ಕಾಳಗಕ್ಕೆ ಒಂದು ಇಡೀ ಅಧ್ಯಾಯ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ 634ರ ಸುಮಾರಿಗೆ ಕೆತ್ತಿಸಿದ ಪ್ರಶಸ್ತಿಯನ್ನು ಲೇಖಕರು ಮನಸಾರೆ ಹಿಗ್ಗಿಸಿದ್ದರು. ಕಾವ್ಯದಲ್ಲಿ ತಾನು ಕಾಳಿದಾಸ, ಭಾರವಿಯರಿಗೆ ಸಮ ಎಂದುಕೊಂಡ ರವಿಕೀರ್ತಿ ಪಲ್ಲವರ ಅರಸನನ್ನು ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿಸಿಯೂ ಬಿಟ್ಟಿದ್ದಾನೆ.

ಆ ಕಾಲದಲ್ಲಿ ಈ ಸೀಮೆಯನ್ನು ಕಂಡ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೂಡ ಪುಲಕೇಶಿ ಹರ್ಷನಿಗೆ ಬಗ್ಗಲಿಲ್ಲವೆಂದೇ ಬರೆದ. ಕಾಳಗಕ್ಕೆ ಮುಂಚೆ ಇಲ್ಲಿಯ ವೀರರೂ ಆನೆಗಳೂ ಹೆಂಡ ಕುಡಿಯುತ್ತಿದ್ದರಂತೆ. ಸೋತ ಸೇನಾಪತಿಗೆ ಶಿಕ್ಷೆಯಿಲ್ಲ, ಹೆಣ್ಣುಡುಗೆ ಕೊಡುತ್ತಿದ್ದರಂತೆ. ಆ ನಾಚಿಕೆಗೇ ಅವನು ಜೀವ ಬಿಡಬೇಕು. ಇದನ್ನು ಓದಿದ್ದೇ ತಡ, ಇಳಕಲ್ ಸೀರೆಯ ಸೆರಗಿಗೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕಾಕಿ ಹೊರಬಂದರು.

"ಸೀರಿ ಉಡಿಸಿದ್ರ ಸಾಯಬೇಕೇನೋ? ಹಂಗಾರ ನಾ ಉಟ್ಟು ಐವತ್ತು ವರ್ಷಾತು, ಇನ್ನೂ ಗಟ್ಟಿ ಅದೀನಿ."

ಕಾಕಾ ನಕ್ಕು ಸುಮ್ಮನಾದರು. ನಾನು ಪುಟ ತಿರುವಿದೆ. ಅಲ್ಲಿತ್ತು 642: ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ, 'ವಾತಾಪಿಕೊಂಡ' ಎಂಬ ಬಿರುದು ಧರಿಸಿದ, ಪುಲಕೇಶಿ ಮಡಿದಿರಬೇಕು. ನಾಲ್ಕು ಸಾಲು. ಮುಂದಿನ ಪ್ಯಾರಾದಲ್ಲೇ ಅವನ ಮಗ ಒಂದನೆಯ ವಿಕ್ರಮಾದಿತ್ಯ 655ರ ಹೊತ್ತಿಗೆ ರಾಜ್ಯವನ್ನು ಮರಳಿ ಎತ್ತಿ ನಿಲ್ಲಿಸಿದ.

"ಮುಗೀತೇನು?"

"ಮುಗೀತು ಕಾಕಾ."

"ಹದಿಮೂರು ವರ್ಷ ಬಾದಾಮಿ ಮಂದಿ ಕೈಯಾಗಿತ್ತು. ನಾಕ ಸಾಲಿನ್ಯಾಗ ಹೆಂಗ ಮುಗಿಸಿದ? ತಮ್ಮಾ, ಕುಸ್ತಿಯೊಳಗ ಗೆದ್ದವನ ಮಾರಿ ನೋಡೂದಲ್ಲ, ಬಿದ್ದವನ ಬೆನ್ನು ನೋಡಬೇಕು. ಬೆನ್ನಿಗೆ ಮಣ್ಣು ಹತ್ತೇತೋ ಇಲ್ಲೋ, ಅದ ನಿಕಾಲಿ."

ಆ ಮಾತಿನ ಮೇಲೆ ನಾನು ಬೆನ್ನು ಹುಡುಕಿಕೊಂಡು ಹೊರಟೆ. ಅದು ಪಲ್ಲವರ ಕೂರಂ ತಾಮ್ರಪಟದಲ್ಲಿ ಸಿಕ್ಕಿತು. ಪರಿಯಳ, ಮಣಿಮಂಗಲ, ಶೂರಮಾರ ಎಂಬಲ್ಲೆಲ್ಲ ಸೋತು ಓಡುತ್ತಿದ್ದ ಪುಲಕೇಶಿಯ ಬೆನ್ನನ್ನೇ ಪಟ ಮಾಡಿಕೊಂಡು ನರಸಿಂಹವರ್ಮ 'ವಿಜಯ' ಎಂಬ ಅಕ್ಷರ ಬರೆದನಂತೆ. ಓದಿ ಹೇಳಿದಾಗ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬರದಾಂವ ಗರಡಿ ಕಂಡಾಂವ ಇರಬೇಕು" ಎಂದರು.

ನಮ್ಮ ನಾಲ್ಕು ಸಾಲು ತಮಿಳಿನಲ್ಲಿ ನಾಲ್ಕು ಭಾಗದ ಕಾದಂಬರಿ. ಕಲ್ಕಿಯವರ 'ಶಿವಗಾಮಿಯಿನ್ ಶಪಥಂ' ಎದೆಗವಚಿಕೊಂಡು ಬೆಳೆದ ತಮಿಳು ಓದುಗರಿಗೆ ನಮ್ಮ ಪುಲಕೇಶಿಯೇ ಖಳನಾಯಕ. ನರ್ಮದೆಗೆ ನಾವು ತೊಡೆ ತಟ್ಟಿದಂತೆ ಅವರು ವಾತಾಪಿಗೆ ತಟ್ಟುತ್ತಾರೆ. ಹಾಗೆಂದು ಕನ್ನಡಿಗರು ಸೋಲಿನ ಕಥೆ ಓದುವುದೇ ಇಲ್ಲ ಎನ್ನುವಂತಿಲ್ಲ. 1565ರ ಜನವರಿ 23ರಂದು ಕೃಷ್ಣೆಯ ದಂಡೆಯಲ್ಲಿ ವಿಜಯನಗರದ ಅಳಿಯ ರಾಮರಾಯನ ತಲೆ ಉರುಳಿದ ರಕ್ಕಸತಂಗಡಿಯ ಕಾಳಗವನ್ನು ಎಷ್ಟು ಓದಿದರೂ ನಮಗೆ ಸಾಕಾಗುವುದಿಲ್ಲ. ತಂಗಡಗಿ ನಮ್ಮ ಹುನಗುಂದ ಸೀಮೆಯ ಆಚೆದಂಡೆಯ ಊರು. ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದ ಗಳಗನಾಥರು ಆ ಪತನದ ಕಾದಂಬರಿಗೆ 'ಕನ್ನಡಿಗರ ಕರ್ಮಕಥೆ' ಎಂದೇ ಹೆಸರಿಟ್ಟರು. ಹಾಗಾದರೆ 1565ಕ್ಕೆ ಕಣ್ಣೀರಿಡುವ ನಾವು 642ನ್ನು ದಾಟಿ ಓಡುವುದೇಕೆ?

ನನಗೆ ತೋಚಿದ್ದು ಇಷ್ಟು. ರಕ್ಕಸತಂಗಡಿಯ ಸೋಲಿಗೆ ನಮ್ಮ ಬಳಿ ನೆಪಗಳಿವೆ: ಸುಲ್ತಾನರು ಒಂದಾದರು, ನಂಬಿದವರು ಕೈಕೊಟ್ಟರು. ನೆಪ ಸಿಕ್ಕರೆ ಸೋಲಿಗೂ ಪುಟ ಹೆಚ್ಚುತ್ತವೆ. ಬಾದಾಮಿಯ ಸೋಲಿನಲ್ಲಿ ದ್ರೋಹಿ ಸಿಗಲಿಲ್ಲ. ಎದುರಾಳಿ ನೇರ ಬಂದ, ಪಟ್ಟು ಹಾಕಿದ, ಚಿತ್ ಮಾಡಿದ. ಅಂಥ ಕುಸ್ತಿಯನ್ನು ಬರೆಯಲು ಗೆದ್ದವನ ಕಡೆಯವರಿಗಷ್ಟೇ ಹುಮ್ಮಸ್ಸು.

ಅಂಕಿಗಳ ವಿಷಯದಲ್ಲಿ ಮಾತ್ರ ಗೆದ್ದವರು, ಬಿದ್ದವರು ಇಬ್ಬರೂ ಧಾರಾಳಿಗಳು. 1007ರ ಹೊಟ್ಟೂರು ಶಾಸನದ ಪ್ರಕಾರ ಚೋಳರು ಒಂಬತ್ತು ಲಕ್ಷ ದಂಡು ಕಟ್ಟಿಕೊಂಡು ವಿಜಯಪುರ ಸೀಮೆಯ ದೋಣೂರಿನವರೆಗೆ ಬಂದರು, ಹೆಂಗಸು ಮಕ್ಕಳೆನ್ನದೆ ಕೊಂದರು. ಅವರನ್ನು ಹಿಂದಟ್ಟಿದವನು ಸತ್ಯಾಶ್ರಯ, ಮುಧೋಳದ ರನ್ನ ಕೊಂಡಾಡಿದ ಅರಸ. ಚೋಳರ ಶಾಸನಗಳೋ, ತಾವು ಗೆದ್ದ ನಾಡನ್ನು 'ಇರಟ್ಟಪಾಡಿ ಏಳೂವರೆ ಲಕ್ಷ' ಎಂದು ಕರೆಯುತ್ತವೆ. ಒಂಬತ್ತು ಲಕ್ಷ ಎಂದು ನಾನು ಓದಿದಾಗ ಒಳಗಿನ ಸಪ್ಪಳ ನಿಂತಿತು.

"ಆಳಿಗೆ ಎರಡು ಅಂದ್ರೂ ಒಂದ ಹೊತ್ತಿಗೆ ಹದಿನೆಂಟು ಲಕ್ಷ ರೊಟ್ಟಿ. ಬಡದೋರ ಹೆಸರು ಬರದಾರೇನು ನೋಡು."

ಬರೆದಿರಲಿಲ್ಲ. ಯಾವ ಇತಿಹಾಸಕಾರನೂ ಆ ಶಾಸನಕ್ಕೆ ಅಷ್ಟು ಚೊಕ್ಕ ಪ್ರಶ್ನೆ ಹಾಕಿದ್ದನ್ನು ನಾನು ಕಂಡಿಲ್ಲ. ಆ ದಿನದಿಂದ ಸೈನ್ಯದ ಅಂಕಿ ಬಂದಲ್ಲೆಲ್ಲ ಅದನ್ನು ಎರಡರಿಂದ ಗುಣಿಸಿ ರೊಟ್ಟಿ ಮಾಡಿ ನೋಡುತ್ತೇನೆ. ಬಹಳ ದಂಡುಗಳು ಅಲ್ಲೇ ಕರಗುತ್ತವೆ.

ಕಾಕಾ ಹೋದ ಮೇಲೆ ಒಬ್ಬನೇ ಓದುತ್ತ ಕುಳಿತವನಿಗೆ ಚಾಲುಕ್ಯ-ಪಲ್ಲವ ಜೋಡಿಯ ಕೊನೆಯ ಸುತ್ತು ಸಿಕ್ಕಿತು. ಪುಲಕೇಶಿಯ ಸಂತತಿಯ ಇಮ್ಮಡಿ ವಿಕ್ರಮಾದಿತ್ಯ ಎಂಟನೆಯ ಶತಮಾನದಲ್ಲಿ ಕಂಚಿಯನ್ನು ಗೆದ್ದ. ಅವನ ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಈಗಿನ ವಿರೂಪಾಕ್ಷ ಗುಡಿ. ಕಂಚಿಯೊಳಗೆ ಹೊಕ್ಕ ವಿಕ್ರಮಾದಿತ್ಯ ಊರನ್ನು ಸುಡಲಿಲ್ಲ. ಪಲ್ಲವರ ಕೈಲಾಸನಾಥ ಗುಡಿಯ ಸಂಪತ್ತನ್ನು ಕಂಡು, ದೇವರದ್ದನ್ನು ದೇವರಿಗೇ ಬಿಟ್ಟುಕೊಟ್ಟು, ಹಾಗೆಂದು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ನೂರು ವರ್ಷದ ಸೇಡನ್ನು ಅವನು ತೀರಿಸಿಕೊಂಡದ್ದು ಹೀಗೆ.

ಇದನ್ನು ಕಾಕಾಗೆ ಓದಿ ಹೇಳಲಾಗಲಿಲ್ಲ, ಅದೊಂದು ಕೊರಗು. ಗರಡಿಯಲ್ಲಿ ಗೆದ್ದವನು ಬಿದ್ದವನ ಕೈಹಿಡಿದು ಎಬ್ಬಿಸಿ, ಅವನ ಬೆನ್ನಿನ ಮಣ್ಣು ಜಾಡಿಸುವ ಪದ್ಧತಿಯನ್ನು ನನಗೆ ಹೇಳಿಕೊಟ್ಟವರೇ ಅವರು.

ಪಲ್ಲವರ ವಿಜಯದ ಅಕ್ಷರಗಳು ಬಾದಾಮಿಯ ಬಂಡೆಯ ಮೇಲೆ ಇವೆ. ಚಾಲುಕ್ಯರ ಕನ್ನಡದ ಅಕ್ಷರಗಳು ಕಂಚಿಯ ಕಂಬದ ಮೇಲೆ ಇವೆ. ಊರು ಮರಳಿ ಕೈಗೆ ಬಂದ ಮೇಲೂ ಇವರು ಅವರದನ್ನು ಅಳಿಸಲಿಲ್ಲ, ಅವರು ಇವರದನ್ನು ಅಳಿಸಲಿಲ್ಲ.