ಎಂಟನೇ ಎಣಿಕೆಗೆ ಕಾದ ಕ್ಯಾಮೆರಾ

ತ್ಯಾಗರಾಜರ ಫೋಟೋ ಎಂಬುದು ಇಲ್ಲ. ಡಗೇರ್ ಕಂಡುಹಿಡಿದ ಛಾಯಾಗ್ರಹಣದ ವಿಧಾನ ಪ್ಯಾರಿಸ್ಸಿನಲ್ಲಿ ಪ್ರಕಟವಾದದ್ದು 1839ರಲ್ಲಿ. ತ್ಯಾಗರಾಜರು ತಿರುವಯ್ಯಾರಿನಲ್ಲಿ ದೇಹ ಬಿಟ್ಟದ್ದು 1847ರ ಜನವರಿಯಲ್ಲಿ. ನಡುವಿನ ಆ ಎಂಟು ವರ್ಷಗಳಲ್ಲಿ ಕಾವೇರಿ ದಂಡೆಯ ಆ ಪುಟ್ಟ ಊರಿಗೆ ಯಾರೂ ಒಂದು ಕ್ಯಾಮೆರಾ ಹೊತ್ತು ತರಲಿಲ್ಲ. ನಮ್ಮ ಮನೆಗಳ ಗೋಡೆಯ ಮೇಲೆ ತಂಬೂರಿ ಹಿಡಿದು ಕೂತ ತ್ಯಾಗರಾಜರೆಲ್ಲ ಕುಂಚದಿಂದ ಮೂಡಿದವರು.

ಕ್ಯಾಮೆರಾ ಬಂತು, 1858ರಲ್ಲಿ. ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿದ್ದ ಕ್ಯಾಪ್ಟನ್ ಲಿನೇಯಸ್ ಟ್ರೈಪ್, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಹಿಡಿದು ತಂಜಾವೂರು ಸೀಮೆ ಸುತ್ತಿದ. ದೊಡ್ಡ ಗುಡಿಯ ಅಧಿಷ್ಠಾನದ ಶಾಸನಗಳನ್ನು ತುಂಡುತುಂಡಾಗಿ ತೆಗೆದು, ಇಪ್ಪತ್ತೊಂದು ಪ್ರಿಂಟುಗಳನ್ನು ಜೋಡಿಸಿ, ಹತ್ತೊಂಬತ್ತು ಅಡಿ ಉದ್ದದ ಒಂದೇ ಚಿತ್ರ ಮಾಡಿದ. ಆತನ ಆಲ್ಬಮ್ಮಿನ ಹೆಸರಿನಲ್ಲೇ ತಂಜಾವೂರಿನ ಜೊತೆ ‘ಟ್ರಿವಾಡಿ’ ಇದೆ, ಅಂದರೆ ನಮ್ಮ ತಿರುವಯ್ಯಾರು. ಬರೀ ಹನ್ನೊಂದು ವರ್ಷ ತಡ! ಇದನ್ನು ಓದಿದ ದಿನದಿಂದ ನನಗೆ ಆ ಊರಿಗೆ ಹೋಗಬೇಕು, ಹೋದರೆ ಫಿಲ್ಮ್ ಕ್ಯಾಮೆರಾ ಹಿಡಿದೇ ಹೋಗಬೇಕು ಅನ್ನಿಸಿಬಿಟ್ಟಿತು. ತ್ಯಾಗರಾಜರ ಆರಾಧನೆ ನಡೆಯುವ ಪುಷ್ಯ ಬಹುಳ ಪಂಚಮಿಗೆ ಲೆಕ್ಕ ಹಾಕಿ ಮೈಸೂರಿನಲ್ಲಿ ಮಯಿಲಾಡುತುರೈ ಕಡೆಯ ರೈಲು ಹತ್ತಿದೆ.

ಆ ರೈಲು ಕಾವೇರಿಯ ನೆಂಟ. ಶ್ರೀರಂಗಪಟ್ಟಣದಲ್ಲಿ ಸಂಜೆಯ ಬೆಳಕಿನಲ್ಲಿ ಹೊಳೆ ದಾಟಿತು. ರಾತ್ರಿ ಎಲ್ಲರೂ ಮಲಗಿರುವಾಗ ಈರೋಡಿನ ಬಳಿ ಮತ್ತೆ ದಾಟುತ್ತದೆ. ಬೋಗಿಯಲ್ಲಿ ಪಿಟೀಲಿನ ಪೆಟ್ಟಿಗೆಗಳು, ಬಟ್ಟೆ ಸುತ್ತಿದ ಮೃದಂಗ, ತ್ಯಾಗರಾಜರ ಪಂಚರತ್ನ ಕೃತಿಗಳ ಪುಸ್ತಕ ಬಿಡಿಸಿಕೊಂಡು ಸಣ್ಣಗೆ ಗುನುಗುವ ಹುಡುಗಿಯರು. ನನ್ನ ಎದುರಿನ ಸೀಟಿನಲ್ಲಿ ಮೈಸೂರಿನ ಒಬ್ಬ ಹಿರಿಯ ಪಿಟೀಲು ಮೇಡಂ ಇದ್ದರು. ನನ್ನ ಮಡಿಲಲ್ಲಿದ್ದ ಯಾಶಿಕಾ ಮ್ಯಾಟ್ ಅವರ ಕಣ್ಣಿಗೆ ಬಿತ್ತು.

“ಏನಪ್ಪ, ಅದು ಹಳೇ ಕಾಲದ ಕ್ಯಾಮೆರಾ ಅಲ್ವಾ? ಈಗ್ಲೂ ರೀಲು ಸಿಗುತ್ತಾ?”

“ಸಿಗುತ್ತಮ್ಮ, ಬೆಲೆ ಜಾಸ್ತಿ ಅಷ್ಟೇ.”

“ಒಂದು ರೀಲಿಗೆ ಎಷ್ಟು ಬರುತ್ತೆ?”

“ಹನ್ನೆರಡು.”

“ಐದು ಕೃತಿಗೆ ಹನ್ನೆರಡಾ!” ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. “ಮುಖ ಎಲ್ರೂ ತೆಗೀತಾರೆ. ನೀನು ಕೈ ನೋಡಪ್ಪ. ಐದೂ ಆದಿತಾಳ. ಮೊದಲು ಕೇಳಿಸ್ಕೊ, ಆಮೇಲೆ ತೆಗಿ.”

ಬೆಳಗಿನ ಜಾವ ತಂಜಾವೂರು. ಅಲ್ಲಿಂದ ತಿರುವಯ್ಯಾರಿಗೆ ಬಸ್ಸಿನಲ್ಲಿ ಹದಿಮೂರು ಕಿಲೋಮೀಟರ್ ಇರಬಹುದು. ಅಷ್ಟರಲ್ಲೇ ಒಂದರ ಹಿಂದೆ ಒಂದು ಹೊಳೆ: ವಡವಾರು, ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ, ಕೊನೆಗೆ ಕಾವೇರಿ. ಪ್ರತಿ ಸೇತುವೆಯ ಮೇಲೂ ಬಸ್ಸಿನೊಳಗೆ ತಣ್ಣನೆ ಗಾಳಿ ನುಗ್ಗುತ್ತದೆ. ಭತ್ತದ ಗದ್ದೆಗಳ ಮೇಲೆ ಇನ್ನೂ ಮಂಜು ಇತ್ತು. ಕೊಡಗಿನಲ್ಲಿ ಹುಟ್ಟಿ, ನಮ್ಮ ಹಳೇ ಮೈಸೂರು ಸೀಮೆಯನ್ನೆಲ್ಲ ಬಳಸಿ ಬಂದ ನೀರು ಇಲ್ಲಿ ಇಷ್ಟು ಕವಲಾಗಿ ಒಡೆದು ಹೊಲ ತುಂಬುವುದನ್ನು ಕಣ್ಣಾರೆ ಕಂಡಾಗ, ಸಂಗೀತ ಈ ಊರಿನಲ್ಲೇ ಯಾಕೆ ನೆಲೆ ನಿಂತಿತು ಎಂದು ನಾನು ಯಾರನ್ನೂ ಕೇಳಲಿಲ್ಲ.

ತಿರುಮಂಜನ ಬೀದಿಯಲ್ಲಿರುವ ತ್ಯಾಗರಾಜರ ಮನೆಯಿಂದ ಬೆಳಿಗ್ಗೆ ಉಂಛವೃತ್ತಿ ಭಜನೆ ಹೊರಡುತ್ತದೆ. ಹಾಡುತ್ತ ಬೀದಿ ದಾಟಿ ಸಮಾಧಿಯವರೆಗೆ ನಡೆಯುತ್ತಾರೆ. ಆ ದಾರಿಯಲ್ಲಿ ನಾನು ಷಟರ್ ಮುಟ್ಟಲಿಲ್ಲ, ಸುಮ್ಮನೆ ಹಿಂದೆ ನಡೆದೆ. ಸಮಾಧಿಯ ಹತ್ತಿರ ಬಂದಾಗ ಮೊದಲು ಹುಡುಕಿದ್ದು ಬೆಂಗಳೂರು ನಾಗರತ್ನಮ್ಮನವರನ್ನು. ಅವರ ವಿಗ್ರಹ ತ್ಯಾಗರಾಜರ ಗುಡಿಯನ್ನು ನೋಡುತ್ತ ಕೂತಿದೆ.

1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಹೆಣ್ಣುಮಗಳು ಅವರು. ಇಲ್ಲಿ ಸಮಾಧಿ ಪಾಳು ಬಿದ್ದಿದೆ ಎಂದು ತಿಳಿದು ಜಾಗ ಕೊಂಡು, ತಮ್ಮ ಸಂಪಾದನೆಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದರು. 1921ರಲ್ಲಿ ಅಡಿಗಲ್ಲು, 1925ರ ಜನವರಿಯಲ್ಲಿ ಕುಂಭಾಭಿಷೇಕ. ಗುಡಿ ಕಟ್ಟಿಸಿದ ಮೇಲೂ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರು ಬಿಡಲಿಲ್ಲ. ಹೆಂಗಸರದೇ ಬೇರೆ ಆರಾಧನೆ ನಡೆಸಿದರು. 1940ರ ಹೊತ್ತಿಗೆ ಬೇರೆ ಬೇರೆ ಬಣಗಳಾಗಿ ಒಡೆದಿದ್ದವರೆಲ್ಲ ಒಂದಾದ ಮೇಲೆ, ಗಂಡಸರೂ ಹೆಂಗಸರೂ ಒಟ್ಟಾಗಿ ಪಂಚರತ್ನ ಹಾಡುವ ಈಗಿನ ಪದ್ಧತಿ ನೆಲೆಗೊಂಡಿತು. ನಾಗರತ್ನಮ್ಮ ತೀರಿಕೊಂಡದ್ದು 1952ರಲ್ಲಿ, ಇದೇ ಊರಿನಲ್ಲಿ. ರೈಲಿನಲ್ಲಿ ಸಿಕ್ಕ ಪಿಟೀಲು ಮೇಡಂ ನಾಗರತ್ನಮ್ಮನವರ ವಿಗ್ರಹದ ಪಾದದ ಬಳಿ ಒಂದು ಮೊಳ ಮಲ್ಲಿಗೆ ಇಟ್ಟು, ಕಣ್ಣು ಮುಚ್ಚಿ ನಿಂತರು. ರೀಲಿನ ಮೊದಲ ಫ್ರೇಮ್ ಅದು. ಇನ್ನು ಹನ್ನೊಂದು.

ಈ ಕ್ಯಾಮೆರಾದ ಬಗ್ಗೆ ಎರಡು ಮಾತು ಹೇಳಲೇಬೇಕು. ಯಾಶಿಕಾ ಮ್ಯಾಟ್ 124ಜಿಗೆ ಒಂದರ ಕೆಳಗೊಂದು ಎರಡು ಲೆನ್ಸ್. ಮೇಲಿನದು ನೋಡಲು, ಕೆಳಗಿನದು ಚಿತ್ರ ಹಿಡಿಯಲು. ಎದೆಯ ಬಳಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಮಂಜುಗಾಜಿನಲ್ಲಿ ದೃಶ್ಯವನ್ನು ನೋಡಬೇಕು. ಅಲ್ಲಿ ಎಡಬಲ ಅದಲುಬದಲಾಗಿರುತ್ತದೆ: ಕೊಳಲು ಆಚೆ ಬದಿಗೆ ಹೊರಳುತ್ತದೆ, ಮೃದಂಗದ ಬಲಗೈ ಎಡಗೈ ಆಗುತ್ತದೆ. ಇದರ ಷಟರ್ ಲೆನ್ಸಿನೊಳಗೇ ಇರುವ ಸಣ್ಣ ಎಲೆಗಳು. ಏಳುವ ಕನ್ನಡಿ ಇಲ್ಲದ್ದರಿಂದ ಸದ್ದು ಬಹಳ ಕಡಿಮೆ, ಪಕ್ಕದಲ್ಲಿ ಕೂತವರಿಗೂ ಕೇಳುವುದು ಕಷ್ಟ. ಸಂಗೀತಗಾರರ ಮುಂದೆ ಕೂರುವವನಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ. ಆಲಾಪನೆ ಮೇಲಿನ ಷಡ್ಜದಲ್ಲಿ ನಿಂತಾಗ ಎದುರಿನಿಂದ ಖಟ್ ಎಂಬ ಸದ್ದು ಬಂದರೆ ಹಾಡುವವರ ಮುಖದಲ್ಲಿ ಏನೋ ಮುಚ್ಚಿಕೊಳ್ಳುತ್ತದೆ. ಅದನ್ನು ಸಭೆಗಳಲ್ಲಿ ನೋಡಿದ್ದೇನೆ. ಭೀಮಸೇನ ಜೋಶಿ, ಬಿಸ್ಮಿಲ್ಲಾ ಖಾನ್, ಎಂ.ಎಸ್. ಸುಬ್ಬುಲಕ್ಷ್ಮಿಯವರನ್ನು ಫಿಲ್ಮಿನಲ್ಲಿ ಹಿಡಿದ ರಘು ರಾಯ್ ಅವರ ಚಿತ್ರಗಳಲ್ಲಿ ಆ ಮುಖ ಮುಚ್ಚಿಕೊಂಡಿಲ್ಲ. ಅಲ್ಲಿ ಛಾಯಾಗ್ರಾಹಕ ಇದ್ದಾನೆ ಎನ್ನುವುದೇ ಮರೆತುಹೋಗುತ್ತದೆ. ಹಾಗೆ ಮರೆಸಿಕೊಳ್ಳಲು ಗಂಟೆಗಟ್ಟಲೆ ಸುಮ್ಮನೆ ಕೂತಿರಬೇಕು.

ಒಳಗಿದ್ದದ್ದು ಇಲ್‌ಫರ್ಡ್ ಕಪ್ಪುಬಿಳುಪು ಫಿಲ್ಮ್. ನಮ್ಮ ಪಕ್ಕದ ಊಟಿಯಲ್ಲೇ ಒಂದು ಕಾಲಕ್ಕೆ ಫಿಲ್ಮ್ ತಯಾರಾಗುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೀಲನ್ನು ಊರೂರಿನ ಸ್ಟುಡಿಯೋದವರು ಬಳಸಿದ್ದಾರೆ. ಈಗ ಕಾರ್ಖಾನೆ ಮುಚ್ಚಿದೆ.

ಚಪ್ಪರದ ಕೆಳಗೆ ಸಮಾಧಿಗೆ ಹೋಗುವ ದಾರಿಯನ್ನು ನಡುವೆ ಬಿಟ್ಟು, ಎರಡೂ ಬದಿ ವಿದ್ವಾಂಸರು ಮುಖಾಮುಖಿಯಾಗಿ ನೆಲದ ಮೇಲೆ ಕೂತಿದ್ದರು. ವೇದಿಕೆಯಿಲ್ಲ, ಮೆತ್ತೆಯಿಲ್ಲ. ದೇಶವಿದೇಶ ಸುತ್ತಿ ಬಂದ ಹಿರಿಯರ ಮೊಣಕಾಲಿಗೆ ತಾಗಿಕೊಂಡು ಹತ್ತು ವರ್ಷದ ಮಗು. ನಾಗಸ್ವರ ಮುಗಿಯಿತು. ಕೊಳಲುಗಳು ಸೇರಿ ‘ಚೇತುಲಾರ’ ನುಡಿಸಿದವು. ಆಮೇಲೆ ಒಂದು ಕ್ಷಣ ಶ್ರುತಿ ಮಾತ್ರ.

ನಾಟ ರಾಗದ ‘ಜಗದಾನಂದಕಾರಕ’ ಎದ್ದಿತು.

ನೂರಾರು ಗಂಟಲು ಒಮ್ಮೆಗೇ ಎದ್ದಾಗ ನೆಲ ನಡುಗುವುದು ಕುಂಡೆಗೆ, ಬೆನ್ನುಹುರಿಗೆ ತಿಳಿಯುತ್ತದೆ. ಮಂಜುಗಾಜಿನ ಮೇಲಿನ ಚಿತ್ರವೂ ನಡುಗುತ್ತಿದೆಯೇ ಎಂದು ನೋಡಿದೆ. ನಡುಗುತ್ತಿದ್ದದ್ದು ನನ್ನ ಕೈ. ನಾಟ ಮುಗಿಯುವವರೆಗೆ ಏನೂ ತೆಗೆಯಲಾಗಲಿಲ್ಲ. ಗೌಳ ಬಂತು. ಆಗ ಪಿಟೀಲು ಮೇಡಂ ಹೇಳಿದ್ದು ನೆನಪಾಗಿ ಮುಖಗಳನ್ನು ಬಿಟ್ಟು ಕೈಗಳನ್ನು ನೋಡತೊಡಗಿದೆ.

ಆದಿತಾಳಕ್ಕೆ ಎಂಟು ಎಣಿಕೆ. ಮೊದಲು ಒಂದು ಪೆಟ್ಟು, ಆಮೇಲೆ ಕಿರುಬೆರಳಿನಿಂದ ಮೂರು ಎಣಿಕೆ. ಐದನೆಯದು ಪೆಟ್ಟು, ಆರನೆಯದಕ್ಕೆ ಅಂಗೈ ಮೇಲಾಗುತ್ತದೆ. ಏಳು ಮತ್ತೆ ಪೆಟ್ಟು, ಎಂಟಕ್ಕೆ ಮತ್ತೆ ಅಂಗೈ ಮೇಲೆ. ಆಮೇಲೆ ಸಮ. ಚಿಕ್ಕಂದಿನಿಂದ ಎಣಿಸಿದ ತಾಳವೇ. ಆದರೆ ಅಷ್ಟು ಕೈಗಳಲ್ಲಿ ಒಟ್ಟಿಗೆ ಎಂದೂ ಕಂಡಿರಲಿಲ್ಲ. ಪ್ರತಿ ಆವರ್ತನದ ಎಂಟನೇ ಎಣಿಕೆಗೆ ಚಪ್ಪರದ ಉದ್ದಕ್ಕೂ ನೂರಾರು ಅಂಗೈಗಳು ಒಮ್ಮೆಲೇ ಆಕಾಶಕ್ಕೆ ತೆರೆದುಕೊಳ್ಳುತ್ತಿದ್ದವು. ಮುದುಕರದು, ಮಕ್ಕಳದು, ಬಳೆಗಳದು, ಉಂಗುರಗಳದು. ಬದಿಯಿಂದ ನುಸುಳಿದ ಬಿಸಿಲು ಅಂಗೈಗಳ ಮೇಲೆ ಬಿದ್ದು, ಮರುಕ್ಷಣ ಅವು ಮಗುಚಿ ತೊಡೆಗೆ ಬೀಳುತ್ತಿದ್ದವು. ಒಳಗೆ ಅದೇ ಹೊತ್ತಿಗೆ ತ್ಯಾಗರಾಜರ ವಿಗ್ರಹಕ್ಕೆ ಹಾಲಿನ ಅಭಿಷೇಕ ನಡೆಯುತ್ತಿತ್ತು.

ಅಲ್ಲಿಂದ ಮುಂದೆ ನಾನು ಛಾಯಾಗ್ರಾಹಕನಾಗಿರಲಿಲ್ಲ, ತಾಳ ಹಾಕುವವನಾಗಿದ್ದೆ. ಕಣ್ಣು ಮಂಜುಗಾಜಿನಲ್ಲಿ, ಎಣಿಕೆ ಮನಸ್ಸಿನಲ್ಲಿ. ಕಣ್ಣಿನಿಂದ ನೋಡಿ ಗುಂಡಿ ಒತ್ತಿದರೆ ಆ ಕ್ಷಣ ದಾಟಿಹೋಗಿರುತ್ತದೆ. ಏಳರ ಪೆಟ್ಟಿನಲ್ಲೇ ಬೆರಳು ತಯಾರಾಗಬೇಕು. ಆರಭಿಯಲ್ಲಿ 1/60 ಸೆಕೆಂಡಿಗೆ ಇಟ್ಟು ಅಂಗೈಗಳನ್ನು ನಿಲ್ಲಿಸಿದೆ. ವರಾಳಿಯ ನಿಧಾನಕ್ಕೆ 1/15 ಸಾಕೆನ್ನಿಸಿತು. ಮುಖಗಳು ಸ್ಥಿರವಾಗಿರಲಿ, ಕೈಗಳು ಮಾತ್ರ ಹೊಗೆಯಾಗಿ ಕಲಸಿಹೋಗಲಿ ಎಂದು. ಡಿಜಿಟಲ್ಲಿನವರು ಒಂದು ಆವರ್ತನಕ್ಕೆ ಮೂವತ್ತು ಚಿತ್ರ ತೆಗೆಯಬಲ್ಲರು, ಅದರಲ್ಲೊಂದು ಸರಿಯಾಗಿಯೇ ಬಂದೀತು. ಆದರೆ ಪ್ರತಿ ಸಲ ಒತ್ತಿದ ಮೇಲೂ ಹಿಂದಿನ ಪರದೆ ಕಣ್ಣನ್ನು ಎಳೆಯುತ್ತದೆ, ಆ ನೋಟದಲ್ಲಿ ಒಂದು ಚರಣ ಕಳೆದುಹೋಗುತ್ತದೆ. ನನ್ನ ಕೈಯಲ್ಲಿದ್ದ ಪೆಟ್ಟಿಗೆಗೆ ತೋರಿಸಲು ಏನೂ ಇರಲಿಲ್ಲ. ಆದ್ದರಿಂದ ಕೃತಿ ನನಗೆ ಇಡಿಯಾಗಿ ಸಿಕ್ಕಿತು. ಸಂಗೀತದ ಚಿತ್ರ ತೆಗೆಯಲು ಫಿಲ್ಮೇ ಸರಿ ಎಂದು ನಾನು ಹೇಳುವುದು ಇದಕ್ಕೆ.

ಶ್ರೀರಾಗದ ‘ಎಂದರೋ ಮಹಾನುಭಾವುಲು’ ಶುರುವಾದಾಗ ಉಳಿದದ್ದು ಎರಡು ಫ್ರೇಮ್. ಪ್ರತಿ ಚರಣದ ಕೊನೆಗೆ ಆ ಮೊದಲ ಸಾಲು ಮರಳಿ ಬರುವಾಗ ಎಲ್ಲರ ತಲೆ ತುಸು ಬಾಗುತ್ತದೆ. ಎದುರಿನ ಸಾಲಿನಲ್ಲಿ ತುಂಬ ವಯಸ್ಸಾದ ಒಬ್ಬ ವಿದುಷಿ ಹಾಡುವುದನ್ನು ನಿಲ್ಲಿಸಿ, ಬರೀ ತಾಳ ಹಾಕುತ್ತ ಅಳುತ್ತಿದ್ದರು. ಅದನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ. ಎರಡನ್ನೂ ಅಂಗೈಗಳಿಗೇ ಕೊಟ್ಟೆ.

ಹೊರಗೆ ಮಧ್ಯಾಹ್ನ ಮರದ ನೆರಳಿನಲ್ಲಿ ತವಿಲ್ ವಾದಕರೊಬ್ಬರು ಕೂತು ಬಲಗೈ ಬೆರಳುಗಳಿಗೆ ಕವಚ ತೊಡಿಸಿಕೊಳ್ಳುತ್ತಿದ್ದರು. ಬಟ್ಟೆಗೆ ಅಂಟು ಹಚ್ಚಿ ಸುತ್ತಿ ಒಣಗಿಸಿದ, ಕಲ್ಲಿನಷ್ಟು ಗಟ್ಟಿಯಾದ ಟೊಪ್ಪಿಗೆಗಳು ಅವು. ಎಡಗೈಗೆ ಕೋಲು, ಬಲಗೈಗೆ ಈ ಕವಚ. ಹೊಸ ರೀಲು ತುಂಬಿಸಿಕೊಂಡು ನನ್ನ ಹರಕು ತಮಿಳಿನಲ್ಲಿ “ಅಣ್ಣಾ, ಒರು ಫೋಟೋ ಎಡುಕ್ಕಲಾಮಾ?” ಎಂದೆ. ಕೈ ಮುಂದೆ ಚಾಚಿ, ನೆಟ್ಟಗೆ ಕೂತರು. ಒತ್ತಿದ ಕೂಡಲೇ ಎದ್ದು ಬಂದು ಕ್ಯಾಮೆರಾದ ಹಿಂದೆ ನೋಡಿದರು. ಅಲ್ಲಿ ಏನೂ ಇಲ್ಲ. ಮುಚ್ಚಳ ತೆರೆದು ಮಂಜುಗಾಜು ತೋರಿಸಿದೆ. ತಮ್ಮದೇ ತವಿಲ್ಲು ಎಡಬಲ ತಿರುಗಿ ಕೂತಿದ್ದನ್ನು ಕಂಡು ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಹೆಂಡತಿ ಮಕ್ಕಳನ್ನೆಲ್ಲ ಕರೆದು ಬಗ್ಗಿಸಿ ತೋರಿಸಿದರು. ಚಿತ್ರ ಯಾವಾಗ ಬರುತ್ತದೆ ಎಂದು ಕೇಳಿದರು. ಊರಿಗೆ ಹೋಗಿ ತೊಳೆದ ಮೇಲೆ ಎಂದೆ. ಮಗಳ ಕೈಯಲ್ಲಿ ವಿಳಾಸ ಬರೆಸಿಕೊಟ್ಟರು.

ಸಂಜೆಯ ಮೇಲೆ ಅಕ್ಕಪಕ್ಕದ ಎರಡು ವೇದಿಕೆಗಳಲ್ಲಿ ಒಂದಾದ ಮೇಲೊಂದು ಕಚೇರಿ. ಒಬ್ಬರು ಹಾಡುವಾಗ ಪಕ್ಕದಲ್ಲಿ ಇನ್ನೊಬ್ಬರು ಶ್ರುತಿ ಕೂಡಿಸಿಕೊಳ್ಳುತ್ತಾರೆ. ಬೆಳಕು ಫಿಲ್ಮಿಗೆ ಸಾಲದಾದಾಗ ಕ್ಯಾಮೆರಾ ಚೀಲಕ್ಕೆ ಹೋಯಿತು. ರಾತ್ರಿ ಬಹಳ ಹೊತ್ತು ಕಾವೇರಿಯ ಮೆಟ್ಟಿಲ ಮೇಲೆ ಕೂತು ಕೇಳಿದೆ.

ಊರಿಗೆ ಬಂದು ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಫಿಲ್ಮನ್ನು ಡಬ್ಬಿಗೆ ಸುತ್ತಿದೆ. 400ರ ಫಿಲ್ಮನ್ನು 800 ಎಂದು ಬಗೆದು ತೆಗೆದಿದ್ದರಿಂದ, ಡಿ-76 ದ್ರಾವಣದಲ್ಲಿ 20 ಡಿಗ್ರಿಗೆ ಒಂಬತ್ತೂವರೆ ನಿಮಿಷ. ಗಡಿಯಾರದ ಜೊತೆ ಎಂದರೋ ಹಾಕಿಕೊಂಡೆ. ಡಬ್ಬಿಯನ್ನು ತಿರುಗಿಸುವುದೂ ತಾಳಕ್ಕೇ ಕೂತಿತು. ಹೈಪೋ ತೊಳೆದು ಒದ್ದೆ ಫಿಲ್ಮನ್ನು ಬಲ್ಬಿಗೆ ಹಿಡಿದಾಗ ಉಸಿರು ನಿಂತಂತಾಯಿತು. ನೆಗೆಟಿವ್‌ನಲ್ಲಿ ಬೆಳಕು ಕಪ್ಪು. ಬಿಸಿಲು ಬಿದ್ದ ಅಂಗೈಗಳೆಲ್ಲ ಸಾಲುಸಾಲು ಕಪ್ಪು ಗುರುತುಗಳಾಗಿ, ಚಪ್ಪರದ ಈ ತುದಿಯಿಂದ ಆ ತುದಿಗೆ, ಒಂದೂ ತಪ್ಪದೆ ಮೇಲಕ್ಕೆ ತೆರೆದಿದ್ದವು. ಎಂಟನೇ ಎಣಿಕೆ ಫಿಲ್ಮಿನ ಮೇಲಿತ್ತು.

ತವಿಲ್ ವಾದಕರಿಗೆ ಪ್ರಿಂಟು ಹಾಕಿ ಅಂಚೆಯಲ್ಲಿ ಕಳಿಸಿದೆ. ಅವರ ಮಗಳು ಫೋನ್ ಮಾಡಿದ್ದಳು. ಅಜ್ಜನೂ ತವಿಲ್ ನುಡಿಸುತ್ತಿದ್ದರಂತೆ. ಆದರೆ ಅವರದು ಮನೆಯಲ್ಲಿ ಒಂದು ಚಿತ್ರವೂ ಇಲ್ಲ, ಅಪ್ಪನದು ಇದೇ ಮೊದಲು ಗೋಡೆಗೆ ಬಂದದ್ದು ಎಂದಳು.

ಆ ಮಾತಿನಿಂದಲೇ ಓದುಗರಲ್ಲಿ ಒಂದು ಕೋರಿಕೆ. ಧಾರವಾಡ, ಗದಗ, ಹುಬ್ಬಳ್ಳಿ, ಮೈಸೂರು, ಬೆಂಗಳೂರಿನ ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿ, ಸಂಗೀತಗಾರರ ಮನೆಗಳ ಟ್ರಂಕುಗಳಲ್ಲಿ ನೆಗೆಟಿವ್‌ಗಳು ಇನ್ನೂ ಇವೆ. ಹಬ್ಬದ ಕಚೇರಿಗಳದು, ರಾಮನವಮಿ ಪೆಂಡಾಲಿನದು, ಹೆಸರೂ ಉಳಿಯದ ಪಕ್ಕವಾದ್ಯದವರದು. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಕೊಳೆಯತೊಡಗಿದೆ ಎಂದು ಅರ್ಥ. ಅಂಥದ್ದನ್ನು ಉಳಿದವುಗಳಿಂದ ಬೇರೆ ಮಾಡಿ ಬೇಗ ಸ್ಕ್ಯಾನ್ ಮಾಡಿಸಿ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ, ತಂಪಾದ ಒಣ ಜಾಗದಲ್ಲಿಡಿ. ಚಿತ್ರದಲ್ಲಿರುವವರ ಗುರುತು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಅವರ ಪಕ್ಕ ಕೂತು ಹೆಸರು, ಊರು, ನುಡಿಸುತ್ತಿದ್ದ ವಾದ್ಯ ಬರೆದುಕೊಳ್ಳಿ. ದಯವಿಟ್ಟು ಯಾವುದನ್ನೂ ಗುಜರಿಗೆ ಹಾಕಬೇಡಿ.