ಆರೋಹಣ, ಅವರೋಹಣ

ನಮ್ಮ ಪೂರ್ವಿಕರು ಹಿಮಾಲಯವನ್ನು ಎರಡು ಬಗೆಯಾಗಿ ಬಲ್ಲವರಾಗಿದ್ದರು. ಕಾಳಿದಾಸನು ಕುಮಾರಸಂಭವದ ಮೊದಲ ಸರ್ಗದಲ್ಲಿ ವರ್ಣಿಸಿರುವ ಹಿಮವಂತನು ಒಬ್ಬ. ಅವನು ರತ್ನಗಳಿಗೂ ಓಷಧಿಗಳಿಗೂ ಆಕರನಾದ ಪರ್ವತರಾಜ. ಮಹಾಪ್ರಸ್ಥಾನಿಕ ಪರ್ವದ ಹಿಮವಂತನು ಇನ್ನೊಬ್ಬ. ಅವನ ದಾರಿಯಲ್ಲಿ ದ್ರೌಪದಿ ಮೊದಲ್ಗೊಂಡು ಒಬ್ಬೊಬ್ಬರಾಗಿ ಬೀಳುತ್ತಾರೆ, ಧರ್ಮರಾಯನು ತಿರುಗಿ ನೋಡದೆ ನಡೆಯುತ್ತಾನೆ. ಎರಡರಲ್ಲಿಯೂ ಹಿಂದಿರುಗುವ ಮಾತಿಲ್ಲ. ಈ ಕಾಲದಲ್ಲಿ ಮೂರನೆಯ ಬಗೆಯೊಂದು ಹುಟ್ಟಿದೆ. ಈಗಿನ ಯಾತ್ರಿಕನು ಕಚೇರಿಯಿಂದ ರಜೆ ಪಡೆದು, ಮರಳುವ ವಿಮಾನದ ಟಿಕೆಟ್ಟನ್ನು ಮೊದಲೇ ಕೊಂಡು, ಹಿಮಾಲಯಕ್ಕೆ ಹೊರಡುತ್ತಾನೆ. ಅವನು ಮರಳಿ ಬರತಕ್ಕವನು. ಆದುದರಿಂದ ಅವನ ಯೋಜನೆಯಲ್ಲಿ ಮುಖ್ಯವಾಗಿ ಪರೀಕ್ಷಿಸತಕ್ಕದ್ದು ಏರುವ ಲೆಕ್ಕವೋ ಇಳಿಯುವ ಲೆಕ್ಕವೋ ಎಂಬ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಚಾರವು ನನಗೆ ಕೇವಲ ಪುಸ್ತಕದಿಂದ ಬಂದುದಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಕಿರಿಯ ಮಗನು ನೇಪಾಳದ ಇಮ್ಜಾ ತ್ಸೆ ಎಂಬ ಶಿಖರವನ್ನು ಮಾರ್ಗದರ್ಶಕರೊಡನೆ ಏರಬೇಕೆಂದು ಸಂಕಲ್ಪಿಸಿದ್ದಾನೆ. ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಸೊಸೆಯು ಮಗುವಿನೊಡನೆ ಸಕ್ರೆಬೈಲಿಗೆ ಬಂದವಳು, ಎರಡು ದಿನ ಏನನ್ನೂ ಆಡದೆ ಇದ್ದು, ಮೂರನೆಯ ದಿನ, “ಮಾವ, ನೀವು ಬೇಡವೆಂದರೆ ಅವರು ಕೇಳುತ್ತಾರೆ. ಒಂದು ಮಾತು ಹೇಳಿ” ಎಂದಳು.

ಅವಳ ಭಯಕ್ಕೆ ಕಾರಣವಿಲ್ಲದೆ ಇಲ್ಲ. 2024ರ ಜೂನ್ ತಿಂಗಳ ಮೊದಲ ವಾರದಲ್ಲಿ, ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಿಂದ ಸಹಸ್ರತಾಲ್ ಎಂಬ ಎತ್ತರದ ಸರೋವರಕ್ಕೆ ಹೋಗಿದ್ದ 22 ಮಂದಿಯ ತಂಡವು ಹಿಂದಿರುಗುವ ದಾರಿಯಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿತು. ತಂಡದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರು. ಒಂಬತ್ತು ಮಂದಿ ಅಲ್ಲಿಯೇ ಮಡಿದರು. ಉಳಿದವರನ್ನು ಹೆಲಿಕಾಪ್ಟರುಗಳ ನೆರವಿನಿಂದ ಕೆಳಗಿಳಿಸಲಾಯಿತು. ಅವರು ಅನುಭವವಿಲ್ಲದವರೇನೂ ಅಲ್ಲ. ಹಲವರು ಹಿಂದೆ ಬೆಟ್ಟಗಳನ್ನು ಕಂಡವರೇ. ಆ ವಾರ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ದೂರವಾಣಿಯ ಕರೆಗಾಗಿ ಕಾದು ಕುಳಿತವರ ಸ್ಥಿತಿಯನ್ನು ಪತ್ರಿಕೆಗಳಲ್ಲಿ ಓದಿದ ಯಾವ ಹೆಂಗಸು ತಾನೆ ಗಂಡನನ್ನು ನಗುನಗುತ್ತ ಕಳುಹಿಸಿಯಾಳು?

ಆದರೂ ಬೇಡವೆಂಬ ಒಂದು ಮಾತನ್ನು ತಿಳಿಯದೆ ಹೇಳುವುದು ನ್ಯಾಯವಲ್ಲವೆಂದು ನನಗೆ ತೋರಿತು. ಮಗನಿಂದ ಕಾಗದಪತ್ರಗಳನ್ನು ತರಿಸಿಕೊಂಡು, ಹದಿನೈದು ದಿನ ಪಾಠದಂತೆ ಓದಿದೆನು.

ನೇಪಾಳದಲ್ಲಿ ಕೆಲವು ಶಿಖರಗಳಿಗೆ ‘ಟ್ರೆಕ್ಕಿಂಗ್ ಶಿಖರ’ವೆಂಬ ಹೆಸರಿದೆ. ಕೇಳಿದವರಿಗೆ ಇದು ಕಾಲ್ನಡಿಗೆಯಲ್ಲಿ ಮುಗಿಯುವ ಬೆಟ್ಟವೆಂಬ ಭಾವನೆ ಹುಟ್ಟುತ್ತದೆ. ವಾಸ್ತವವಾಗಿ ಆ ಹೆಸರು ಅನುಮತಿಪತ್ರದ ಒಂದು ವರ್ಗಕ್ಕೆ ಸಂಬಂಧಿಸಿದ್ದೇ ಹೊರತು ಸುಲಭತೆಗೆ ಸಂಬಂಧಿಸಿದ್ದಲ್ಲ. 1978ರಲ್ಲಿ ಇಂಥ 18 ಶಿಖರಗಳನ್ನು ಮೊದಲು ತೆರೆದು, ಅವುಗಳ ಅನುಮತಿಯ ಕಾರ್ಯವನ್ನು ನೇಪಾಳದ ಪರ್ವತಾರೋಹಣ ಸಂಘಕ್ಕೆ ಒಪ್ಪಿಸಲಾಯಿತು. ಇಮ್ಜಾ ತ್ಸೆ ಅವುಗಳಲ್ಲೊಂದು. ಹಿಮದ ಕಡಲಿನ ನಡುವೆ ದ್ವೀಪದಂತೆ ಕಂಡಿತೆಂದು ಇದಕ್ಕೆ ‘ಐಲೆಂಡ್ ಪೀಕ್’ ಎಂಬ ಹೆಸರೂ ಬಂದಿತು. 1953ರಲ್ಲಿ ತೇನ್‌ಸಿಂಗನೂ ಅವನ ಕೆಲವು ಸಂಗಡಿಗರೂ ಎವರೆಸ್ಟಿಗೆ ಮುನ್ನ ಅಭ್ಯಾಸ ನಡೆಸಿದ್ದು ಇದರ ಮೇಲೆಯೇ. ಎತ್ತರ ಸುಮಾರು 6,160 ಮೀಟರು, ಎಂದರೆ ಇಪ್ಪತ್ತು ಸಾವಿರ ಅಡಿಗೂ ತುಸು ಮೇಲು. ನಮ್ಮ ಕೊಡಚಾದ್ರಿ 1,343 ಮೀಟರು. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯು ಸುಮಾರು 1,930. ಮೂರು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದಿಟ್ಟರೂ ಸಾಲದು. ಕಡೆಯ ಭಾಗದಲ್ಲಿ ಗೋಡೆಯಂಥ ಹಿಮದ ಇಳಿಜಾರು; ಅದನ್ನು ಕಬ್ಬಿಣದ ಹಲ್ಲುಗಳನ್ನು ಬೂಟಿಗೆ ಕಟ್ಟಿಕೊಂಡು, ಮೊದಲೇ ಬಿಗಿದ ಹಗ್ಗವನ್ನು ಹಿಡಿದು ಏರಬೇಕು.

ಹಿಮದ ಗೋಡೆಗಿಂತ ದೊಡ್ಡ ಶತ್ರುವು ಕಣ್ಣಿಗೆ ಕಾಣದ್ದು. ಸುಮಾರು 5,500 ಮೀಟರಿನ ಎತ್ತರದಲ್ಲಿ ವಾಯುವಿನ ಒತ್ತಡವು ಕಡಲತೀರದಲ್ಲಿರುವುದರ ಅರ್ಧಕ್ಕೆ ಇಳಿಯುತ್ತದೆ. ಒಂದೊಂದು ಉಸಿರಿಗೂ ದೊರೆಯುವ ಪ್ರಾಣವಾಯು ಅಷ್ಟೇ ಕಡಿಮೆ. ದೇಹವು ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ತನ್ನದೇ ವೇಗದಲ್ಲಿ. ಮೂರು ಸಾವಿರ ಮೀಟರು ದಾಟಿದ ಮೇಲೆ, ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಾಗಿ ಏರಿಸಕೂಡದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎಂಬುದು ವೈದ್ಯರ ನಿಯಮ. ಬೆಟ್ಟವನ್ನು ಮೆಲ್ಲಮೆಲ್ಲನೆ ದಾಟಬೇಕೆಂಬ ನೀತಿಯನ್ನು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದಕ್ಕೆ ಶರೀರಶಾಸ್ತ್ರದ ಸಮರ್ಥನೆಯುಂಟೆಂದು ಆಗ ತಿಳಿದಿರಲಿಲ್ಲ.

ಮಗನ ಬಳಿ ಎರಡು ಕಾರ್ಯಕ್ರಮಗಳಿದ್ದವು. ಒಂದು 14 ದಿನಗಳದು. ಇನ್ನೊಂದು 19 ದಿನಗಳದು, ಸುಮಾರು ಮೂವತ್ತು ಸಾವಿರ ರೂಪಾಯಿ ಹೆಚ್ಚಿನದು. ಎರಡೂ ಲುಕ್ಲಾದಿಂದ ಹೊರಟು, 3,440 ಮೀಟರಿನ ನಾಮ್ಚೆ ಬಜಾರನ್ನೂ 4,410 ಮೀಟರಿನ ದಿಂಗ್‌ಬೋಚೆಯನ್ನೂ ಹಾದುಹೋಗುತ್ತವೆ. ಮೊದಲನೆಯದರಲ್ಲಿ ತಂಗುವ ದಿನಗಳೇ ಇಲ್ಲವೆಂಬಷ್ಟು ಕಡಿಮೆ. ಎರಡನೆಯದರಲ್ಲಿ ಆ ಎರಡು ಊರುಗಳಲ್ಲಿಯೂ ಒಂದೊಂದು ದಿನ ನಿಲ್ಲುವುದುಂಟು, ಹವೆ ಕೆಟ್ಟರೆ ಕಾಯಲು ಎರಡು ದಿನಗಳ ಅವಕಾಶವೂ ಉಂಟು. ಲುಕ್ಲಾದ ಚಿಕ್ಕ ನಿಲ್ದಾಣದಲ್ಲಿ ಮೋಡ ಕವಿದರೆ ವಿಮಾನವೇ ಏಳುವುದಿಲ್ಲವಾದುದರಿಂದ, ಈ ಕಾಯುವ ದಿನಗಳು ವ್ಯರ್ಥವೆಂದು ಯಾರೂ ತಿಳಿಯಬಾರದು. ಮಗನ ಒಲವು ಮೊದಲನೆಯದರ ಕಡೆಗಿತ್ತು. ಹಣಕ್ಕಾಗಿ ಅಲ್ಲ, ರಜೆಗಾಗಿ.

ಇಲ್ಲಿ ನನಗೆ ಪ್ರಮಾಣವಿಚಾರವು ನೆನಪಾಯಿತು. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂದು ಮೂರನ್ನು ನಾನು ಮಕ್ಕಳಿಗೆ ಮೂವತ್ತು ವರ್ಷ ಹೇಳಿಕೊಟ್ಟೆನು. ಪ್ರತ್ಯಕ್ಷವೇ ಬಲಿಷ್ಠವೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಅಷ್ಟು ಎತ್ತರದಲ್ಲಿ ಮಿದುಳಿಗೇ ಪ್ರಾಣವಾಯು ಸಾಲದಾದಾಗ, ನೋಡುವವನ ಪ್ರತ್ಯಕ್ಷವೂ ಅನುಮಾನವೂ ಒಟ್ಟಿಗೆ ಕೆಡುತ್ತವೆ. ಕೆಟ್ಟಿವೆಯೆಂಬ ಅರಿವೂ ಅವನಿಗಿರುವುದಿಲ್ಲ. ಹೆಜ್ಜೆ ತೂರಾಡುತ್ತಿದ್ದರೂ ತಾನು ಸರಿಯಾಗಿಯೇ ಇರುವೆನೆನ್ನುತ್ತಾನೆ. ಆಗ ಉಳಿಯುವುದು ಆಪ್ತವಾಕ್ಯವೊಂದೇ. ಆಪ್ತನೆಂದರೆ ಇಲ್ಲಿ ಆ ಎತ್ತರದಲ್ಲಿಯೇ ಹುಟ್ಟಿ ಬೆಳೆದ ಶೆರ್ಪಾ ಮಾರ್ಗದರ್ಶಕ. ಜೊತೆಗೆ, ಕೆಳಗೆ ತಿಳಿಯಾದ ಬುದ್ಧಿಯಿದ್ದಾಗ ತಾನೇ ಬರೆದಿಟ್ಟ ನಿಶ್ಚಯ. 1996ರ ಮೇ ತಿಂಗಳಲ್ಲಿ ಎವರೆಸ್ಟಿನ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಹಿಂದಿರುಗಬೇಕೆಂಬ ಮಾತಿದ್ದರೂ ಕೆಲವರು ಆ ಹೊತ್ತು ಮೀರಿ ಮೇಲಕ್ಕೇ ನಡೆದರು. ಬಿರುಗಾಳಿಗೆ ಸಿಕ್ಕಿ ಎಂಟು ಮಂದಿ ಸತ್ತರು. ಅವರಲ್ಲಿ ಎರಡು ತಂಡಗಳ ನಾಯಕರೂ ಇದ್ದರು. ನಾಯಕನಾದವನಿಗೂ ನಿಶ್ಚಯವು ಕೆಳಗೇ ಆಗಿರಬೇಕು, ಮೇಲೆ ಅದನ್ನು ಮುರಿಯಕೂಡದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಮ್ಮೂರಿನವರಿಗೆ ಇದು ಅರ್ಥವಾಗದ ಮಾತಲ್ಲ. ಶಿವಮೊಗ್ಗೆಯಿಂದ 14 ಕಿಲೋಮೀಟರು ದೂರದ ಈ ಆನೆಬಿಡಾರಕ್ಕೆ, ಬೆಳಗ್ಗೆ ತುಂಗೆಯ ಹಿನ್ನೀರಿನಲ್ಲಿ ಆನೆಗಳ ಸ್ನಾನವನ್ನು ನೋಡಲು ಎಲ್ಲೆಲ್ಲಿಯ ದೊಡ್ಡವರೋ ಬರುತ್ತಾರೆ. ಆದರೆ ಆನೆಯ ಬಳಿ ಹೋದ ಮೇಲೆ ಅವರೆಲ್ಲರೂ ಮಾವುತನ ಮಾತಿಗೆ ಅಧೀನರು. “ಇವತ್ತು ಇದರ ಹತ್ತಿರ ಬೇಡ ಸ್ವಾಮಿ” ಎಂದು ಅವನು ಹೇಳಿದರೆ ಬೇಡವೇ. ಹಣ ಕೊಟ್ಟವನು ತಾನೆಂಬ ಕಾರಣದಿಂದ ಅಲ್ಲಿ ಯಾರೂ ವಾದಿಸುವುದಿಲ್ಲ. ವಾದಿಸಿದರೆ ಆನೆ ಕೇಳುವುದಿಲ್ಲ.

ಮಗನು ಮುಂದಿನ ಭಾನುವಾರ ಬಂದಾಗ ಮೂರು ಮಾತುಗಳನ್ನು ಕಾಗದದಲ್ಲಿ ಬರೆದು ಅವನ ಮುಂದಿಟ್ಟೆನು. 19 ದಿನಗಳ ಕಾರ್ಯಕ್ರಮವನ್ನೇ ಆರಿಸತಕ್ಕದ್ದು ಎಂಬುದು ಮೊದಲನೆಯದು. ಶಿಖರದ ದಿನ ನಡುರಾತ್ರಿಯ ಮೇಲೆ ಹೊರಟವರು, ಎಲ್ಲಿಯೇ ಇರಲಿ, ಬೆಳಗ್ಗೆ ಹತ್ತು ಗಂಟೆಗೆ ಮುಖ ತಿರುಗಿಸತಕ್ಕದ್ದು. ಬಿಸಿಲೇರಿದರೆ ಹಿಮ ಸಡಿಲವಾಗುವುದು, ಮಧ್ಯಾಹ್ನಕ್ಕೆ ಗಾಳಿಮೋಡಗಳು ಏಳುವುವು. ಮೂರನೆಯದು, ಮಾರ್ಗದರ್ಶಕನು ಇಳಿ ಎಂದರೆ ಕಾರಣ ಕೇಳದೆ ಇಳಿಯತಕ್ಕದ್ದು.

ಅವನು ಬಹಳ ಹೊತ್ತು ಓದಿದನು. “ಅಪ್ಪಯ್ಯ, ಹತ್ತು ಗಂಟೆಗೆ ಶಿಖರ ನೂರು ಅಡಿ ದೂರವಿದ್ದರೆ?” ಎಂದು ಕೇಳಿದನು.

“ಆ ನೂರು ಅಡಿಗಾಗಿಯೇ ಇದನ್ನು ಬರೆದಿದ್ದೇನೆ. ಸಾವಿರ ಅಡಿ ದೂರವಿದ್ದರೆ ಯಾರಾದರೂ ತಿರುಗಿಯಾರು” ಎಂದೆನು.

ಅವನು ನಕ್ಕನು, ಆದರೆ ರುಜು ಹಾಕಿದನು. ವಸಂತದಲ್ಲಿ ಅಷ್ಟು ರಜೆ ದೊರೆಯದೆಂದು ಪ್ರಯಾಣವನ್ನು ಅಕ್ಟೋಬರಿಗೆ ಮುಂದೂಡಿದ್ದಾನೆ; ಆ ಕಾಲವೂ ಆ ಬೆಟ್ಟಗಳಿಗೆ ಯೋಗ್ಯವಾದದ್ದೇ. ಈಗ ತಿಂಗಳಿಗೆರಡು ಸಲ ಬೆನ್ನಿಗೆ ಭಾರ ಕಟ್ಟಿಕೊಂಡು ಕೊಡಚಾದ್ರಿಯನ್ನು ಏರಿಳಿಯುತ್ತಾನೆ. ವೈದ್ಯರನ್ನು ಕಂಡಿದ್ದಾನೆ. ಹೆಲಿಕಾಪ್ಟರಿನ ವೆಚ್ಚವೂ ಸೇರಿದ ವಿಮೆಯನ್ನು ಮಾಡಿಸಿದ್ದಾನೆ. ರುಜು ಹಾಕಿದ ಕಾಗದದ ಒಂದು ಪ್ರತಿಯು ಸೊಸೆಯ ಬಳಿ ಇದೆ, ಇನ್ನೊಂದನ್ನು ಮಾರ್ಗದರ್ಶಕರಿಗೆ ಕಳುಹಿಸಲಾಗಿದೆ.

ಸೊಸೆಯು ಕೇಳಿದ ಮಾತನ್ನು ನಾನು ಹೇಳಲಿಲ್ಲವೆಂಬ ಅಸಮಾಧಾನ ಅವಳಿಗೆ ಇನ್ನೂ ಸ್ವಲ್ಪ ಉಂಟು, ಅದು ಇರತಕ್ಕದ್ದೇ. ಯಾವ ಕಾಗದವೂ ಬಿರುಗಾಳಿಯನ್ನು ನಿಲ್ಲಿಸದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ರಾಗವು ಆರೋಹಣ ಅವರೋಹಣಗಳೆರಡೂ ಸೇರಿದಲ್ಲದೆ ರಾಗವಾಗದು. ಗಿರಿಯಾತ್ರೆಗೂ ಅದೇ ಲಕ್ಷಣ. ನಿಮ್ಮ ಮನೆಯ ಮಗನೋ ಮಗಳೋ ಇಂಥ ಸಂಕಲ್ಪದೊಡನೆ ಎದುರು ನಿಂತರೆ, ಎಷ್ಟು ಎತ್ತರಕ್ಕೆ ಹೋಗುವೆಯೆಂದು ಕೇಳುವ ಮೊದಲು, ಎಷ್ಟು ಹೊತ್ತಿಗೆ ಹಿಂದಿರುಗುವೆಯೆಂದು ಕೇಳಿರಿ. ಅದಕ್ಕೆ ಸ್ಪಷ್ಟವಾದ ಉತ್ತರ ಬಂದರೆ ಆಶೀರ್ವದಿಸಿ ಕಳುಹಿಸಬಹುದು; ಬಾರದಿದ್ದರೆ, ಇನ್ನೊಂದು ವರ್ಷ ಕೊಡಚಾದ್ರಿಯೇ ಸಾಕು.