ಹಗ್ಗದಾಟದ ಸ್ಪೆಲ್ಲಿಂಗು

ರಾತ್ರಿ ಮತ್ತೆ ‘ಅಕೀಲಾ ಆ್ಯಂಡ್ ದ ಬೀ’ ನೋಡಿದೆ. 2006ರ ಸಿನಿಮಾ. ದಕ್ಷಿಣ ಲಾಸ್ ಏಂಜಲೀಸ್‌ನ ಹನ್ನೊಂದು ವರ್ಷದ ಕಪ್ಪು ಹುಡುಗಿಯೊಬ್ಬಳು ರಾಷ್ಟ್ರಮಟ್ಟದ ಸ್ಪೆಲ್ಲಿಂಗ್ ಬೀಗೆ, ಅಂದರೆ ಪದಗಳ ಸ್ಪೆಲ್ಲಿಂಗ್ ಹೇಳುವ ಸ್ಪರ್ಧೆಗೆ, ಹೋಗುವ ಕಥೆ. ಕಥೆ ಎತ್ತ ಸಾಗುತ್ತದೆಂದು ಹತ್ತೇ ನಿಮಿಷಕ್ಕೆ ಗೊತ್ತಾಗುತ್ತದೆ. ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ, ಅಕೀಲಾಳ ಪಾತ್ರ ಮಾಡಿದ ಕೀಕಿ ಪಾಮರ್ ಹಾಗೆ ಕೂರಿಸಿಬಿಡುತ್ತಾಳೆ.

ಅಕ್ಷರ ಹೇಳುವಾಗ ಅಕೀಲಾ ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾಳೆ. ಅವಳಿಗೇ ಗೊತ್ತಿಲ್ಲದ ಚಾಳಿ ಅದು. ಗುರು ಡಾ. ಲಾರಬಿ (ಲಾರೆನ್ಸ್ ಫಿಶ್‌ಬರ್ನ್) ಅದನ್ನು ಗಮನಿಸುತ್ತಾರೆ, ಗದರುವುದಿಲ್ಲ. ಹಗ್ಗ ಹಿಡಿದು ಜಿಗಿಯುತ್ತಾ ಕಲಿ ಎನ್ನುತ್ತಾರೆ. ಒಂದೊಂದು ಜಿಗಿತಕ್ಕೆ ಒಂದೊಂದು ಅಕ್ಷರ! ನಮ್ಮ ಮೇಷ್ಟ್ರುಗಳಾಗಿದ್ದರೆ ‘ಕೈಕಾಲು ಆಡಿಸಬೇಡ, ನೆಟ್ಟಗೆ ನಿಂತು ಮಗ್ಗಿ ಹೇಳು’ ಅನ್ನುತ್ತಿದ್ದರು.

ಇನ್ನೊಂದು ಇಷ್ಟವಾಗಿದ್ದು, ಗುರು ಕೈಬಿಟ್ಟಾಗ ಇಡೀ ಬೀದಿಯೇ ಅವಳಿಗೆ ಪಾಠ ಹೇಳಿಕೊಡಲು ನಿಲ್ಲುವುದು. ಆ ಏರಿಯಾದ ಗ್ಯಾಂಗಿನ ನಾಯಕನೂ ಕೈಯಲ್ಲಿ ಪದಗಳ ಚೀಟಿ ಹಿಡಿದು ಕೇಳುತ್ತಾನೆ.

ಒಂದೇ ತಕರಾರು. ಎದುರಾಳಿ ಹುಡುಗ ಡಿಲನ್‌ನ ಚೀನೀ ಮೂಲದ ಅಪ್ಪನನ್ನು ಅಷ್ಟು ಒಣಕಲು ವಿಲನ್ ಮಾಡಬೇಕಿರಲಿಲ್ಲ. ಮಗ ಎರಡನೇ ಸ್ಥಾನಕ್ಕಿಳಿದರೆ ಊಟ ಸೇರದ ಅಪ್ಪಂದಿರು ಎಲ್ಲ ಜಾತಿ, ಎಲ್ಲ ದೇಶಗಳಲ್ಲೂ ಇದ್ದಾರೆ; ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಾಲ್ಕೈದು ಜನ ಸಿಗಬಹುದು. ಇನ್ನು ಅಕೀಲಾ, ಡಿಲನ್ ಇಬ್ಬರಿಗೂ ಜಂಟಿ ಪ್ರಶಸ್ತಿ ಕೊಟ್ಟ ಮುಕ್ತಾಯ ‘ತೀರಾ ಸಿನಿಮೀಯ’ ಅನ್ನುವವರಿಗೆ: 2019ರ ನಿಜವಾದ ಸ್ಪರ್ಧೆಯಲ್ಲಿ ಎಂಟು ಮಕ್ಕಳು ಒಟ್ಟಿಗೇ ಗೆದ್ದರು.